ನಡುವಿನ ಕೊಂಡಿ ಉಜ್ಜಿ ತೋರಿಸಿ

ಶಾಯಲ್‌ಳ ಮದುವೆ ಗಟ್ಟಿಯಾದ ಮುಂದಿನ ಭಾನುವಾರ, ಮನೆಯವರೆಲ್ಲ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಆಜಿ ತನ್ನ ಕೋಣೆಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮೀನು ಸಾರಿನ ಪಾತ್ರೆಯ ಪಕ್ಕದಲ್ಲಿಟ್ಟಳು. ಮುಚ್ಚಳ ತೆಗೆದು, ಕೆಂಪು ಬಟ್ಟೆ ಬಿಡಿಸಿ, ಏಳು ಪವನು ನಾಣ್ಯ ಪೋಣಿಸಿದ ಸರವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಇದು ನನ್ನ ಮೊಮ್ಮಗಳಿಗೆ. ನಿಮ್ಮ ಆಜಾ ಎರಡು ಹಂಗಾಮು ಕಬ್ಬು ಕಡಿದು ಮಾಡಿಸಿದ್ದು. ಒಂದೊಂದು ಪವನೂ ಅಪ್ಪಟ ಇಪ್ಪತ್ತೆರಡು ಕ್ಯಾರೆಟ್ಟು. ಈಗಿನೋರು ಇಂಥದ್ದನ್ನ ಕಣ್ಣಲ್ಲೂ ನೋಡಿರಲ್ಲ."

ಆಜಿಯ ಮಗ ಬಿಸುನ್ ದೇವ್ ಲೌಟೋಕಾ ಪೇಟೆಗೂ ಬಾ ಎಂಬ ಊರಿಗೂ ನಡುವೆ ಬಸ್ಸು ಓಡಿಸುವವನು. ಅವನು ಬೆರಳು ನೆಕ್ಕುತ್ತಾ ನಕ್ಕ. "ಸರಿಹೋಯ್ತು. ಚಿನ್ನದ ಚಿಂತೆ ಮುಗೀತು. ಶಾಯಲ್ ಅಮ್ಮಾ, ನೀನು ಕೂಡಿಟ್ಟಿರೋದ್ರಲ್ಲಿ ಚಪ್ಪರ ದೊಡ್ಡದು ಹಾಕ್ಸೋಣ. ನನ್ನ ಕಡೆಯೋರೇ ಆರುನೂರು ಜನ ಆಗ್ತಾರೆ."

ಒಲೆಯ ಮುಂದಿದ್ದ ಅವನ ಹೆಂಡತಿ ಅಂಬಿಕಾವತಿ ರೊಟ್ಟಿ ಮಗುಚಿದಳು. "ಆ ದುಡ್ಡು ಚಪ್ಪರಕ್ಕಲ್ಲ. ಬಳೆಗೆ."

"ಸರ ಇದೆಯಲ್ಲ?"

"ಸರ ಇರ್ಲಿ. ನನ್ನ ಮಗಳ ಕೈಗೆ ಇಪ್ಪತ್ತೆರಡು ಕ್ಯಾರೆಟ್ಟಿನ ಒಂದು ಜೊತೆ ಬಳೆ ಬೀಳ್ಬೇಕು."

"ಏಳು ಪವನು ಸಾಲ್ದಾ ನಿನಗೆ?" ಆಜಿ ಸರವನ್ನು ಎದೆಗೆ ಒತ್ತಿಕೊಂಡಳು. "ನನ್ನ ಗಂಡನ ಬೆವರು ಇದು. ನಿನ್ನ ಕಣ್ಣಿಗೆ ಹಗುರಾಯ್ತಾ?"

ಶಾಯಲ್ ಅಮ್ಮನ ಮುಖ, ಆಜಿಯ ಮುಖ ಎರಡನ್ನೂ ನೋಡಿ, "ಅಮ್ಮಾ, ನಾನು ಆಸ್ಪತ್ರೇಲಿ ದಿನಾ ರೋಗಿಗಳನ್ನ ಎತ್ತಿ ಕೂರಿಸೋಳು. ಬಳೆ ಹಾಕ್ಕೊಂಡು ಕೈಗವಸು ಹೆಂಗೆ ಹಾಕ್ಲಿ? ನನಗೋಸ್ಕರ ಯಾರೂ ಜಗಳ ಆಡ್ಬೇಡಿ," ಅಂದಳು.

"ನಿನಗೋಸ್ಕರ ಅಲ್ಲದೆ ಇನ್ಯಾರಿಗೋಸ್ಕರ ಆಡ್ಲಿ?" ಅಂದು ಅಂಬಿಕಾ ಮುಂದಿನ ರೊಟ್ಟಿ ಲಟ್ಟಿಸಲು ಕೂತಳು.

ಅವಳಿಗೆ ಗೊತ್ತಿದ್ದ ಸಂಗತಿ ಆ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಬಿಸುನ್ ದೇವನ ಕಾಲು ಮುರಿದು ಅವನು ಐದು ತಿಂಗಳು ಮಲಗಿದ್ದ. ಸಂಬಳವಿರಲಿಲ್ಲ. ಆಗ ಆ ಸರ ಅಂಬಿಕಾಳ ಕೊರಳಲ್ಲಿತ್ತು. ಮದುವೆಯ ದಿನ ಅತ್ತೆಯೇ ಹಾಕಿದ್ದು. ಒಂದು ಬೆಳಿಗ್ಗೆ ಅವಳು ಅದನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡು ಪೇಟೆಯ ಅಕ್ಕಸಾಲಿ ಧನಸುಖ್ ಭಾಯಿಯ ಹತ್ತಿರ ಹೋದಳು. ಅವರು ಒರೆಗಲ್ಲಿಗೆ ಉಜ್ಜಿ, ದ್ರಾವಕ ಬಿಟ್ಟು ನೋಡಿ, ತಲೆ ಎತ್ತದೆ ಹೇಳಿದರು: "ಒಂಬತ್ತು ಕ್ಯಾರೆಟ್ಟು ತಾಯಿ. ಇಪ್ಪತ್ತನಾಲ್ಕು ಪಾಲಲ್ಲಿ ಚಿನ್ನ ಒಂಬತ್ತೇ. ಉಳಿದದ್ದು ತಾಮ್ರ, ಬೆಳ್ಳಿ." ಅಂಬಿಕಾ ಸರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ತವರಿನಿಂದ ಬಂದಿದ್ದ ತನ್ನಮ್ಮನ ಎರಡು ಬಳೆ ಬಿಚ್ಚಿ ಕೊಟ್ಟಳು. ಅವು ಇಪ್ಪತ್ತೆರಡು. ಆ ದಿನದ ದರಕ್ಕೆ, ನಿಂತ ಕಾಲಿನಲ್ಲಿ, ಚೌಕಾಸಿಯಿಲ್ಲದೆ ದುಡ್ಡು ಕೈಗೆ ಬಂತು. ಮನೆ ಉಳಿಯಿತು. ಬಳೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳುವಷ್ಟು ನೆಮ್ಮದಿ ಆಗ ಯಾರಿಗಿತ್ತು? ಗಂಡ ಮತ್ತೆ ಬಸ್ಸು ಹತ್ತಿದ ಮೇಲೆ ಅವಳು ಸರವನ್ನು ಅತ್ತೆಯ ಕೈಗೆ ಕೊಟ್ಟು, "ಶಾಯಲ್‌ಗೆ ಅಂತ ನಿಮ್ಮ ಹತ್ರಾನೇ ಇರ್ಲಿ," ಅಂದಿದ್ದಳು.

ಅಂದಿನಿಂದ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ರೊಟ್ಟಿ ಪೊಟ್ಟಣ ಮಾರುತ್ತಾ ಬಂದಿದ್ದಳು. ಆಲೂಗಡ್ಡೆ ಪಲ್ಯ ಒಳಗಿಟ್ಟು ಸುತ್ತಿದ ರೊಟ್ಟಿ. ಆ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟಿರಲಿಲ್ಲ.

ಆ ವಾರವೇ ಸಿಡ್ನಿಯಿಂದ ಬಿಸುನ್‌ನ ಅಕ್ಕ ಸುರುಜ್ ಕುಮಾರಿಯ ಫೋನು ಬಂತು. ಬಿಸುನ್ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ.

"ಅಂಬಿಕಾ, ಏನಿದು ನಿನ್ನ ಹಟ? ಇಲ್ಲಿ ಎಲ್ಲಾರೂ ಒಂಬತ್ತೇ ಹಾಕ್ಕೊಳೋದು. ಗಟ್ಟಿ, ಬಾಗಲ್ಲ, ಸವೆಯಲ್ಲ. ನಿನ್ನ ಇಪ್ಪತ್ತೆರಡು ಬೆಣ್ಣೆ ಇದ್ದಂಗೆ. ಆ ದುಡ್ಡಿಗೆ ಇಲ್ಲಿ ಎರಡು ಜೊತೆ ಬರುತ್ತೆ."

"ಮಾರೋಕೆ ಹೋದ್ರೆ ಎಷ್ಟು ಬರುತ್ತೆ ದೀದಿ?"

"ಅಯ್ಯೋ! ಮದುವೆ ಆಗೋ ಮುಂಚೆನೇ ಮಾರೋ ಮಾತಾ? ನಿನ್ನ ಬಾಯಲ್ಲಿ ಒಳ್ಳೇದೇ ಬರಲ್ವಾ?"

"ಒಳ್ಳೇ ದಿನಕ್ಕೆ ಚಿನ್ನ ಯಾಕೆ ದೀದಿ? ಹೂವೇ ಸಾಕು."

ಆಮೇಲೆ ಸುರುಜ್ ದನಿ ತಗ್ಗಿಸಿದಳು. "ಬಿಸುನ್, ನೋಡ್ಕೋ ಮಾರಾಯ. ಆ ಬೀಗಿತ್ತಿ ಗ್ಯಾನ್ ಮತಿ ಇದಾಳಲ್ಲ, ದೊಡ್ಡ ಸೊಸೆ ಬಳೇನ ಚಪ್ಪರದಲ್ಲೇ ಅಂಗೈಲಿ ತೂಗಿ 'ಹಗುರ' ಅಂದೋಳು. ಕಣ್ಣಿಗೆ ದಪ್ಪ ಕಾಣೋದು ಏನಾದ್ರೂ ಹಾಕ್ಸಿ. ಅಷ್ಟೆ ನಾನು ಹೇಳೋದು."

ಕಣ್ಣಿಗೆ ದಪ್ಪ ಕಾಣುವ ಮಾತು ಬಿಸುನ್‌ನ ತಲೆಯಲ್ಲಿ ಕೂತುಬಿಟ್ಟಿತು. ಶನಿವಾರ ಅವನು ಹೆಂಡತಿ ಮಗಳನ್ನು ಕರೆದುಕೊಂಡು ಪೇಟೆಯ ದೊಡ್ಡ ಗಾಜಿನ ಅಂಗಡಿಗೆ ಹೋದ. ಟೈ ಕಟ್ಟಿದ ಮಾರಾಟಗಾರ ನೀಲಿ ಮಖಮಲ್ಲಿನ ಮೇಲೆ ಹಾರ, ಓಲೆ, ಬಳೆಗಳ ಒಂದು ಸೆಟ್ಟು ಹರಡಿದ. ಕೆಂಪು ಹಸಿರು ಕಲ್ಲುಗಳು ಝಗಝಗ ಎಂದವು. ಬೆಲೆ ಕೇಳಿದರೆ ಆಶ್ಚರ್ಯವಾಗುವಷ್ಟು ಕಡಿಮೆ.

"ಇಪ್ಪತ್ತೆರಡು ಕ್ಯಾರೆಟ್ಟು. ನೋಡಿ ಮೇಡಂ, ಮುದ್ರೆ ಇದೆ, ಸಾವಿರಕ್ಕೆ ಒಂಬೈನೂರ ಹದಿನಾರು."

ಅಂಬಿಕಾ ಕನ್ನಡಕ ಹಾಕಿಕೊಂಡು ಬಾಗಿದಳು. "ಇದು ಕೊಕ್ಕೆ ಮೇಲಿದೆ. ಹಾರದ ನಡುವಿನ ಕೊಂಡಿ ಉಜ್ಜಿ ತೋರಿಸಿ."

"ಕೊಕ್ಕೆ ಏನು, ಹಾರ ಏನು, ಎಲ್ಲಾ ಒಂದೇ ಮೇಡಂ."

"ಒಂದೇ ಆದ್ರೆ ಉಜ್ಜೋಕೆ ಏನು ಕಷ್ಟ?"

"ಗೆರೆ ಬೀಳುತ್ತೆ."

"ಸರಿ, ಈ ತೂಕದಲ್ಲಿ ಕಲ್ಲಿಂದೆಷ್ಟು, ಚಿನ್ನದ್ದೆಷ್ಟು?"

ಮಾರಾಟಗಾರ ಬಿಸುನ್‌ನತ್ತ ತಿರುಗಿ, ಗಂಡಸರಿಗೆ ಅರ್ಥವಾಗುತ್ತದೆ ಎನ್ನುವ ಹಾಗೆ ಮುಗುಳ್ನಕ್ಕ. ಬಿಸುನ್‌ನ ಕಿವಿ ಕೆಂಪಾಯಿತು. "ಎದ್ದೇಳು. ಮಾನ ತೆಗೀಬೇಡ," ಅಂದ.

ಅವನು ಮನೆಯ ಜಗುಲಿ ಹತ್ತಿದ್ದೇ ಸಿಡಿದ. "ಚಿನ್ನದ ಬಗ್ಗೆ ನಿನಗೇನೇ ಗೊತ್ತು? ರೊಟ್ಟಿ ಮಾರೋಳು ನೀನು. ಅಷ್ಟು ಜನರ ಮುಂದೆ ಅವನನ್ನ ಕಳ್ಳ ಅಂದ್ಯಲ್ಲ!"

"ಕಳ್ಳ ಅನ್ನಲಿಲ್ಲ. ಉಜ್ಜಿ ತೋರ್ಸಿ ಅಂದೆ."

"ನಮ್ಮನೇಲಿ ಏಳು ಪವನು ಇದೆ. ಅದನ್ನ ಯಾವತ್ತಾದ್ರೂ ಯಾರಾದ್ರೂ ಉಜ್ಜಿ ನೋಡಿದ್ರಾ?"

"ನೋಡಿದೆ. ನಾನೇ ನೋಡಿಸಿದೆ," ಅಂದಳು ಅಂಬಿಕಾ. ಮತ್ತೆ ನಿಲ್ಲಿಸಲಿಲ್ಲ, ಕಾಲು ಮುರಿದ ವರ್ಷ, ಒರೆಗಲ್ಲು, ಒಂಬತ್ತು ಕ್ಯಾರೆಟ್ಟು, ಅಮ್ಮನ ಬಳೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಚಿನ್ನದ ಚಿಂತೆ ಮುಗೀತು ಅಂದ್ರಲ್ಲ, ಮುಗಿದಿಲ್ಲ. ನಾಳೆ ಇವಳಿಗೆ ನನ್ನ ಹಾಗೇ ಒಂದು ದಿನ ಬಂದ್ರೆ, ಅಂಗಡಿ ಕಟ್ಟೆ ಮುಂದೆ ನಿಂತು ಇವಳು ಮುಖ ಕೆಳಗೆ ಹಾಕ್ಬಾರ್ದು. ಅದಕ್ಕೇ ನಾನು ಹಟ ಹಿಡಿದಿರೋದು."

ಬಾಗಿಲಲ್ಲಿ ಸೊಪ್ಪಿನ ಮೊರ ಹಿಡಿದು ಆಜಿ ನಿಂತಿದ್ದನ್ನು ಯಾರೂ ಗಮನಿಸಿರಲಿಲ್ಲ.

"ನನ್ನ ಗಂಡ ಹಾಕಿದ ಸರಾನ ಕದ್ದು ಮಾರೋಕೆ ಒಯ್ದಿದ್ಯಾ?"

"ಅಮ್ಮಾ, ಮಾರಲಿಲ್ಲ..."

"ಒಂಬತ್ತಂತೆ! ನಿನ್ನ ಅಕ್ಕಸಾಲಿ ಕುರುಡ. ನೀನು ಸುಳ್ಳುಬುರುಕಿ." ಮೊರವನ್ನು ಅಲ್ಲೇ ಕುಕ್ಕಿ ಆಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನದಿಂದ ಆಜಿ ಸೊಸೆಯ ಕೈ ಅಡಿಗೆ ಮುಟ್ಟಲಿಲ್ಲ. ಹಿತ್ತಲಲ್ಲಿ ಸೀಮೆಎಣ್ಣೆ ಸ್ಟವ್ ಹೊತ್ತಿಸಿ, ಮರಗೆಣಸು ಬೇಯಿಸಿ, ಉಪ್ಪು ಮೆಣಸಿನಕಾಯಿ ನಂಚಿಕೊಂಡು ತಿಂದಳು. ಒಂದು ದಿನ ಗೆಣಸು ತಳ ಹಿಡಿದು ಮನೆಯೆಲ್ಲ ಹೊಗೆಯಾಯಿತು. ಶಾಯಲ್ ಬೇಳೆ ಸಾರಿನ ಬಟ್ಟಲು ಒಯ್ದರೆ, "ಯಾರು ಮಾಡಿದ್ದು?" ಎಂದು ಕೇಳಿ ತಿರುಗಿಸಿ ಕಳಿಸಿದಳು. ಬಿಸುನ್ ಹೆಂಡತಿಯ ಹತ್ತಿರವೂ ಮಾತಾಡಲಾರ, ತಾಯಿಯ ಹತ್ತಿರವೂ ಆಡಲಾರ. ಸಂಜೆಯಾದರೆ ಪಕ್ಕದ ಮನೆಯವರ ಜೊತೆ ಮತ್ತು ತರುವ ಯಂಗೋನ ಬೇರಿನ ಕಷಾಯ ಕುಡಿಯುತ್ತಾ ಕೂರುವುದೇ ಅವನ ಪಾಡಾಯಿತು. ಆದರೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಆ ಬಳೆ ನಿಮ್ಮಮ್ಮಂದು ಅಲ್ವಾ? ಕಮಲದ ಮೊಗ್ಗು ಕೆತ್ತಿದ್ದು?" ಅಂದ.

"ಹೂಂ."

ಅವನು ಟೋಪಿ ತಿರುಗಿಸುತ್ತಾ ಹೊರಟುಹೋದ.

ಶುಕ್ರವಾರ ಹನ್ನೊಂದು ಗಂಟೆಗೆ ಅಂಬಿಕಾ ಕಾರ್ಖಾನೆ ಗೇಟಿನ ಮುಂದೆ ಕೊನೆಯ ಪೊಟ್ಟಣಗಳನ್ನು ಮಾರುತ್ತಿದ್ದಾಗ ಬಸ್‌ಸ್ಟ್ಯಾಂಡಿನಿಂದ ಬಿಸುನ್ ಫೋನು ಮಾಡಿದ. "ಅಮ್ಮ ನನ್ನ ಬಸ್ಸಿಗೇ ಹತ್ತಿದ್ಲು. ಟಿಕೆಟ್ ತಗೊಂಡು ಹಿಂದಿನ ಸೀಟಲ್ಲಿ ಕೂತ್ಲು, ನನ್ನ ಕಡೆ ತಿರುಗಿ ನೋಡ್ಲಿಲ್ಲ. ಈಗ ಇಳಿದು ಆ ಧನಸುಖ್ ಭಾಯಿ ಬೀದಿಗೆ ಹೋಗ್ತಿದಾಳೆ. ನನಗೆ ಬಸ್ಸು ಬಿಡೋ ಹೊತ್ತು. ನೀನು ಓಡು."

ಅಂಬಿಕಾ ಬುಟ್ಟಿಯನ್ನು ಪಕ್ಕದ ಹಣ್ಣಿನವಳಿಗೆ ಒಪ್ಪಿಸಿ ಓಡಿದಳು. ಕಿರಿದಾದ ಅಂಗಡಿಯಲ್ಲಿ ಆಜಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಳು. ಸೊಸೆ ಬಂದದ್ದನ್ನು ಕಂಡರೂ ಕಾಣದವಳಂತೆ, "ಮಾಡಿ ಭಾಯಿ. ನನ್ನ ಕಣ್ಣೆದುರಿಗೇ ಮಾಡಿ," ಅಂದಳು.

"ಮೇಲ್ಮೇಲೆ ಉಜ್ಜಿದ್ರೆ ಚಿನ್ನದ ಮುಲಾಮು ಮಾತ್ರ ಸಿಗುತ್ತೆ ತಾಯಿ. ಅಂಚಲ್ಲಿ ಒಂದು ಎಳ್ಳಷ್ಟು ಅರದಿಂದ ತೀಡ್ಬೇಕು. ಪರವಾಗಿಲ್ವಾ?"

"ತೀಡಿ."

ಧನಸುಖ್ ಭಾಯಿ ಒಂದು ಪವನಿನ ಅಂಚು ತೀಡಿ, ಕರಿಯ ಒರೆಗಲ್ಲಿನ ಮೇಲೆ ಒಂದು ಗೆರೆ ಎಳೆದರು. ಪಕ್ಕದಲ್ಲೇ ತಮ್ಮ ಇಪ್ಪತ್ತೆರಡರ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ದ್ರಾವಕದ ಹನಿ ಬಿಟ್ಟರು. ಕಡ್ಡಿಯ ಗೆರೆ ಹಾಗೇ ಹಳದಿಯಾಗಿ ಉಳಿಯಿತು. ಪವನಿನದು ಹಸಿರು ಬುರುಗು ಬಿಟ್ಟು, ನೋಡುನೋಡುತ್ತಾ ಮಾಸಿ, ಕಲ್ಲಿನಲ್ಲಿ ಕರಗಿಹೋಯಿತು.

ಆಜಿ ಬಹಳ ಹೊತ್ತು ಕಲ್ಲನ್ನೇ ನೋಡಿದಳು. "ಇನ್ನೊಂದು ಪವನು ನೋಡಿ."

ನೋಡಿದರು. ಆಜಿ ಮತ್ತೊಂದು ತೋರಿಸಿದಳು. ಏಳೂ ಆದವು.

"ನಿಜವಾದ ಪವನು ಅಲ್ಲ ತಾಯಿ ಇವು. ಅಚ್ಚು ಹೊಯ್ದದ್ದು. ದೀಪಾವಳಿಗೆ ಹುಣಸೇಹುಳಿ ಹಾಕಿ ತಿಕ್ತಿದ್ರಾ?"

"ಪ್ರತಿ ವರ್ಷ. ಕಪ್ಪಾಗ್ತಿತ್ತು."

"ಇಪ್ಪತ್ತೆರಡು ಆಗಿದ್ರೆ ಅಷ್ಟು ಕಪ್ಪಾಗ್ತಿರಲಿಲ್ಲ. ಆದ್ರೆ ಒಂದು ಮಾತು. ಒಂಬತ್ತು ಅಂದ್ರೆ ಸುಳ್ಳು ಚಿನ್ನ ಅಲ್ಲ. ದಿನಾ ಹಾಕ್ಕೊಂಡು ದುಡಿಯೋರಿಗೆ ಅದು ಒಳ್ಳೇದೇ. ಒಂಬತ್ತನ್ನ ಇಪ್ಪತ್ತೆರಡು ಅಂತ ಮಾರಿದ್ನಲ್ಲ, ಅದು ಸುಳ್ಳು."

"ಇವಳ ಮಾವನಿಗೆ ಗೊತ್ತಿತ್ತಾ?"

ಆಜಿಯೇ ತಲೆ ಆಡಿಸಿದಳು. "ಗೊತ್ತಿರಲಿಲ್ಲ. ಕೊಂಡ ದಿನ ಊರೆಲ್ಲಾ ಕೂಗಿಕೊಂಡು ಬಂದ್ರು. ಮೋಸ ಮಾಡೋ ಗಂಡಸು ಅಷ್ಟು ಜೋರಾಗಿ ಕೂಗಲ್ಲ."

ಹೊರಗೆ ಬಂದು ಮಾರುಕಟ್ಟೆಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅಂಬಿಕಾ ಚೀಲದಲ್ಲಿದ್ದ ಒಂದು ರೊಟ್ಟಿ ಪೊಟ್ಟಣ ಬಿಚ್ಚಿ ಅತ್ತೆಯ ಮುಂದೆ ಹಿಡಿದಳು. ಆಜಿ ತೆಗೆದುಕೊಂಡಳು. ಆರು ದಿನದ ಹಸಿವು. ಎರಡೇ ಕ್ಷಣದಲ್ಲಿ ಅರ್ಧ ಖಾಲಿಯಾಯಿತು.

"ಗೊತ್ತಾದ ಮೇಲೂ ಅದನ್ನ ಕೊರಳಿಗೆ ಹಾಕ್ಕೊಂಡು ನನ್ನ ಕಾಲು ಮುಗೀತಿದ್ದೆ."

"ಹೂಂ ಅಮ್ಮ."

"ಯಾಕೆ ಹೇಳ್ಲಿಲ್ಲ?"

"ನೀವು ಅದನ್ನ ತಿಕ್ಕೋವಾಗ ತೀರ್ಕೊಂಡ ಮಾವನ ಹತ್ರ ಮಾತಾಡ್ತಿದ್ರಿ. ನಾನು ಕೇಳಿಸ್ಕೊಂಡಿದ್ದೆ."

ಆಜಿ ಅಗಿಯುವುದನ್ನು ನಿಲ್ಲಿಸಿದಳು. ಕಣ್ಣು ತುಂಬಿ ಬಂದದ್ದನ್ನು ಸೆರಗಿನಿಂದ ಒರೆಸಿಕೊಂಡು, "ಪಲ್ಯಕ್ಕೆ ಉಪ್ಪು ಕಡಿಮೆ," ಅಂದಳು. ಮಿಕ್ಕದ್ದನ್ನೂ ತಿಂದು ಮುಗಿಸಿ ಎದ್ದಳು. "ಆ ಗಾಜಿನ ಅಂಗಡಿ ಎಲ್ಲಿದೆ?"

"ಈಗ ಯಾಕಮ್ಮ?"

"ನಡುವಿನ ಕೊಂಡಿ ಉಜ್ಜಲ್ಲ ಅಂದ್ನಂತಲ್ಲ, ಅವನ ಮುಖ ನೋಡ್ಬೇಕು. ನನ್ನ ಗಂಡನಿಗೆ ಓದು ಬರಹ ಇರಲಿಲ್ಲ, ಕೇಳೋಕೆ ಗೊತ್ತಿರಲಿಲ್ಲ. ನನಗೆ ಬಾಯಿದೆ."

ಅಂಗಡಿಯಲ್ಲಿ ಅದೇ ಟೈ, ಅದೇ ನೀಲಿ ಮಖಮಲ್ಲು. ಆಜಿ ಆ ಸೆಟ್ಟನ್ನೇ ತೆಗೆಸಿ, ಕುರ್ಚಿಯಲ್ಲಿ ಕಾಲು ಮಡಚಿ ಕೂತು, "ನಡುವಿನ ಕೊಂಡಿ ಉಜ್ಜಿ ತೋರಿಸಿ," ಅಂದಳು. ಮಾರಾಟಗಾರ ಮತ್ತೆ ಗೆರೆ ಬೀಳುವ ಮಾತು ತೆಗೆದ. ಆಜಿ ದನಿ ಎತ್ತಿದಳು. "ಗೆರೆ ಬಿದ್ರೆ ನಾನು ಕೊಂಡ್ಕೋತೀನಪ್ಪ. ನನಗೆ ಎಪ್ಪತ್ತಾರು. ನನಗೆ ಬೇರೆ ಕೆಲಸ ಇಲ್ಲ. ಸಂಜೆ ತನಕ ಕೂರ್ತೀನಿ." ಓಲೆ ನೋಡುತ್ತಿದ್ದ ಇಬ್ಬರು ಹೆಂಗಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಇತ್ತ ತಿರುಗಿದರು. ಒಳಗಿಂದ ಮಾಲೀಕ ಬಂದ. ಉಜ್ಜುವುದು ಬೇಡ, ಕ್ಯಾರೆಟ್ಟು ಅಳೆಯುವ ಯಂತ್ರವಿದೆ ಎಂದು ಕೊಂಡಿಯನ್ನು ಯಂತ್ರದೊಳಗಿಟ್ಟ.

ಪರದೆಯ ಮೇಲೆ ಸಂಖ್ಯೆ ಬಂತು. ಅಂಬಿಕಾ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು. "ಏಳುನೂರ ನಲವತ್ತೆಂಟು. ಹದಿನೆಂಟು ಕ್ಯಾರೆಟ್ಟೂ ತುಂಬಲಿಲ್ಲ. ಕೊಕ್ಕೆ ಮಾತ್ರ ಇಪ್ಪತ್ತೆರಡು."

"ಮಾಲು ಕಳಿಸಿದವರ ತಪ್ಪು," ಅಂದ ಮಾಲೀಕ. "ನಿಮಗೆ ಬೆಲೆ ಇಳಿಸಿ ಕೊಡ್ತೀನಿ."

"ಇಳಿಸ್ಬೇಡ ಮಗನೇ. ಏನಿದೆಯೋ ಅದನ್ನ ಚೀಟೀಲಿ ಬರೆದು ಮಾರು, ಯಾರಾದ್ರೂ ಸಂತೋಷವಾಗಿ ಕೊಳ್ತಾರೆ," ಅಂದಳು ಆಜಿ. ಎದ್ದು ಹೋಗುವಾಗ ಆ ಇಬ್ಬರು ಹೆಂಗಸರೂ ಅವರ ಹಿಂದೆಯೇ ಹೊರಗೆ ಬಂದರು.

ಮಾರನೇ ಭಾನುವಾರ ಬಿಸುನ್ ತಾನಾಗಿಯೇ ಪೆನ್ನು ಹಿಡಿದು ಆಮಂತ್ರಣದ ಪಟ್ಟಿಯಲ್ಲಿ ಹೆಸರು ಹೊಡೆದುಹಾಕತೊಡಗಿದ. ಆರುನೂರು ಇದ್ದದ್ದು ಮುನ್ನೂರಾಯಿತು. "ಯಂಗೋನ ಕುಡಿಯೋಕೆ ಮಾತ್ರ ಬರೋರು ಇವರು," ಎಂದು ಗೊಣಗಿದ. ಆಜಿ ಸರವನ್ನು ತನ್ನ ಕೊರಳಿಗೇ ಹಾಕಿಕೊಂಡಳು. ಕರಗಿಸುವುದೂ ಬೇಡ, ಕೊಡುವುದೂ ಬೇಡ, ತಾನು ಸಾಯುವವರೆಗೂ ಇದು ತನ್ನದು ಅಂದಳು. ಧನಸುಖ್ ಭಾಯಿಗೆ ಒಂದು ಜೊತೆ ಇಪ್ಪತ್ತೆರಡರ ಬಳೆ ಮಾಡಲು ಹೇಳಿದರು. ಶಾಯಲ್ ತಾನೇ ಆರಿಸಿಕೊಂಡದ್ದು ಬೇರೆ: ಆಸ್ಪತ್ರೆಗೆ ಹಾಕಿಕೊಂಡು ಹೋಗಲು ಒಂದು ತೆಳು ಸರ, ಒಂಬತ್ತು ಕ್ಯಾರೆಟ್ಟಿನದು.

"ಇದು ಎಳೆದ್ರೂ ಕಿತ್ತು ಬರಲ್ಲ, ಅಮ್ಮ. ಬಳೆ ಪೆಟ್ಟಿಗೇಲಿ, ಇದು ಕೊರಳಲ್ಲಿ."

"ತಗೋ. ಗೊತ್ತಿದ್ದು ತಗೊಂಡ್ರೆ ನನ್ನದೇನೂ ತಕರಾರಿಲ್ಲ," ಅಂದಳು ಅಂಬಿಕಾ. ರಸೀದಿಯಲ್ಲಿ ಬಳೆಯ ತೂಕ, ಸರದ ತೂಕ, ಎರಡರ ಮುದ್ರೆಯ ಸಂಖ್ಯೆ ಬೇರೆ ಬೇರೆ ಸಾಲಿನಲ್ಲಿ ಬರೆಸುವವರೆಗೂ ಅವಳು ಕಟ್ಟೆ ಬಿಟ್ಟು ಕದಲಲಿಲ್ಲ.

ಮದುವೆಯ ದಿನ ಚಪ್ಪರದಲ್ಲಿ ಗ್ಯಾನ್ ಮತಿ ಸುರುಜ್ ಹೇಳಿದ್ದಂತೆಯೇ ಮಾಡಿದಳು. ಸೊಸೆಯ ಕೈ ಹಿಡಿದು, ಒಂದು ಬಳೆ ಜಾರಿಸಿ, ಅಂಗೈಯಲ್ಲಿಟ್ಟು ತೂಗಿದಳು. ಹಾಡುತ್ತಿದ್ದ ಹೆಂಗಸರ ದನಿ ತಗ್ಗಿತು. ಸಿಡ್ನಿಯ ಸುರುಜ್ ಕಣ್ಣು ಮುಚ್ಚಿಕೊಂಡಳು.

"ತೆಳು," ಅಂದಳು ಗ್ಯಾನ್ ಮತಿ.

ಅಂಬಿಕಾ ರವಿಕೆಯೊಳಗಿಂದ ರಸೀದಿ ತೆಗೆದು ಬಿಡಿಸಿದಳು. "ತೆಳುವೇ, ಬೀಗಿತ್ತಿಯವರೇ. ಇಷ್ಟೇ ತೂಕ, ಬರೆದಿದೆ. ಮುದ್ರೆ ಒಳಗಡೆ ಇದೆ, ನೋಡಿ. ಬೇಕಾದ್ರೆ ನಾಳೆ ಬೆಳಿಗ್ಗೆ ನೀವೇ ಒಯ್ದು ಎಲ್ಲಿ ಬೇಕಾದ್ರೂ ಉಜ್ಜಿಸಿ. ಮುಚ್ಚಿಡೋದು ಏನೂ ಇಲ್ಲ."

ಗ್ಯಾನ್ ಮತಿ ರಸೀದಿಯನ್ನೂ ಅವಳ ಮುಖವನ್ನೂ ನೋಡಿ, ಬಳೆಯನ್ನು ಸೊಸೆಯ ಕೈಗೆ ಏರಿಸಿದಳು. ಹಾಡು ಮತ್ತೆ ಶುರುವಾಯಿತು.

ಊಟದ ಪಂಕ್ತಿ ನಡೆಯುತ್ತಿದ್ದಾಗ ಅಂಬಿಕಾ ಹಿತ್ತಲ ಕೊಪ್ಪರಿಗೆಯ ಹತ್ತಿರ ಕುಂಬಳಕಾಯಿ ಪಲ್ಯ ಬಡಿಸಿಕೊಡುತ್ತಿದ್ದಳು. ಹಿಂದಿನಿಂದ ಯಾರೋ ಸೆರಗು ಎಳೆದರು. ಗ್ಯಾನ್ ಮತಿ. ಅತ್ತಿತ್ತ ನೋಡಿ, ತನ್ನ ಬಲಗೈಯ ದಪ್ಪ ಬಳೆಯನ್ನು ಸೋಪಿನ ನೀರು ಹಚ್ಚಿ, ನೋವಿಗೆ ಹಲ್ಲು ಕಚ್ಚಿ, ಬಿಚ್ಚಿದಳು.

"ಒಳಗಡೆ ಏನೋ ಸಂಖ್ಯೆ ಇದೆ. ನನಗೆ ಓದೋಕೆ ಬರಲ್ಲ. ಮೂವತ್ತು ವರ್ಷದಿಂದ ಯಾರನ್ನೂ ಕೇಳಿಲ್ಲ. ನೀವು ಓದಿ."

ಅಂಬಿಕಾ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬಳೆಯನ್ನು ಬೆಳಕಿಗೆ ಹಿಡಿದಳು. ಐನೂರ ಎಂಬತ್ತೈದು. ಮಗಳು ಇನ್ನು ಬದುಕಬೇಕಾದದ್ದು ಈ ಹೆಂಗಸಿನ ಮನೆಯಲ್ಲಿ. ಒಂದು ಒಳ್ಳೆಯ ಮಾತು ಹೇಳಿಬಿಟ್ಟರೆ ಈಕೆ ಸಂತೋಷದಿಂದ ಪಂಕ್ತಿಗೆ ಹೋಗಿ ಕೂರುತ್ತಾಳೆ.

"ಇಪ್ಪತ್ತೆರಡು ಅಂತ ಹೇಳಿದ್ರಾ ನಿಮಗೆ?"

"ನಮ್ಮತ್ತೆ ಹೇಳಿದ್ದು."

"ಹದಿನಾಲ್ಕು ಇದು."

ಗ್ಯಾನ್ ಮತಿಯ ಮುಖ ಸುಟ್ಟ ಹಾಗಾಯಿತು. ಬಳೆಯನ್ನು ಕಸಿದುಕೊಂಡು ಬಲವಂತವಾಗಿ ಕೈಗೆ ತುರುಕತೊಡಗಿದಳು. ಬೆರಳ ಗೆಣ್ಣಿನಲ್ಲಿ ಸಿಕ್ಕಿ ಅದು ಏರಲೊಲ್ಲದು. ಅಂಬಿಕಾ ಅವಳ ಕೈ ಹಿಡಿದು, ಸೋಪಿನ ನೀರು ಹಚ್ಚಿ, ನಿಧಾನಕ್ಕೆ ಒತ್ತಿ ಏರಿಸಿದಳು.

"ಯಾರಿಗೂ ಹೇಳ್ಬೇಡಿ," ಅಂದಳು ಗ್ಯಾನ್ ಮತಿ.

"ಇಲ್ಲ."

"ನಿಮ್ಮ ಆ ಅಕ್ಕಸಾಲಿ ಸೋಮವಾರ ಅಂಗಡಿ ತೆಗೀತಾನಾ?"

"ಎಂಟು ಗಂಟೆಗೆ."

"ನನ್ನ ಹತ್ರ ಇನ್ನೂ ನಾಲ್ಕಿವೆ," ಅಂದಳು ಗ್ಯಾನ್ ಮತಿ. "ದೊಡ್ಡ ಸೊಸೇದನ್ನೂ ತರ್ತೀನಿ. ಪಾಪ, ಅವಳದ್ದು ಏನಿತ್ತೋ, ನಾನು ಅವತ್ತು ಹಗುರ ಅಂದ್ಬಿಟ್ಟೆ." ಮತ್ತೆ, ಸೆರಗು ತಲೆಗೆ ಎಳೆದುಕೊಂಡು, ಬೀಗಿತ್ತಿಯ ಕೈಯಿಂದ ಪಲ್ಯದ ಸೌಟು ತೆಗೆದುಕೊಂಡು, "ಬನ್ನಿ, ಪಂಕ್ತಿ ಕಾಯ್ತಿದೆ. ಆ ಕಡೆ ನೀವು ಬಡಿಸಿ, ಈ ಕಡೆ ನಾನು ಬಡಿಸ್ತೀನಿ," ಅಂದಳು.